ಋಣವಿಲ್ಲದವನ ಊಟ

ಮಹಾಭಾರತದ ವನಪರ್ವದಲ್ಲಿ ಯಕ್ಷನು ಧರ್ಮರಾಜನಿಗೆ ಹಾಕುವ ಪ್ರಶ್ನೆಗಳಲ್ಲಿ ‘ಸಂತೋಷದಿಂದಿರುವವನು ಯಾರು?’ ಎಂಬುದೂ ಒಂದು. ಧರ್ಮರಾಜನು ಚಕ್ರವರ್ತಿಯ ಹೆಸರನ್ನಾಗಲಿ ಧನಿಕನ ಹೆಸರನ್ನಾಗಲಿ ಹೇಳಲಿಲ್ಲ. ಹೊತ್ತು ಮೀರಿಯಾದರೂ ತನ್ನ ಮನೆಯಲ್ಲಿ ಸೊಪ್ಪು ಬೇಯಿಸಿ ಉಣ್ಣುವವನು, ಸಾಲವಿಲ್ಲದವನು, ಪರಸ್ಥಳವಾಸಿಯಲ್ಲದವನು ಸುಖಿ ಎಂದು ಉತ್ತರಿಸಿದನು.

ಇವುಗಳಲ್ಲಿ ಕೊನೆಯ ಲಕ್ಷಣವನ್ನು ನಾವೆಲ್ಲರೂ ಉದ್ಯೋಗನಿಮಿತ್ತವಾಗಿ ಊರು ಬಿಟ್ಟ ದಿನವೇ ಕಳೆದುಕೊಂಡೆವು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದವರ ಕೈಯಲ್ಲಿ ಉಳಿದಿರುವುದು ‘ಅನೃಣಿ’, ಎಂದರೆ ಸಾಲವಿಲ್ಲದವನು, ಎಂಬ ಲಕ್ಷಣ. ಅದನ್ನು ಕಾಪಾಡಿಕೊಳ್ಳುವ ಬಗೆಯನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಮೊದಲು ನಮ್ಮದೇ ತಪ್ಪನ್ನು ಹೇಳಬೇಕು. 1998ರಲ್ಲಿ ನಾವು ಕಲ್ಯಾಣದ ರೈಲ್ವೆ ವಸತಿಗೃಹದಲ್ಲಿದ್ದೆವು. ಆ ವರ್ಷದ ವೈಶಾಖದಲ್ಲಿ ಮಗನ ಉಪನಯನ ನಡೆಯಿತು. ಬಂಧುಗಳ ಮುಂದೆ ಕಡಮೆಯಾಗಬಾರದೆಂದು ಸಾಹುಕಾರನೊಬ್ಬನಿಂದ ತಿಂಗಳಿಗೆ ನೂರಕ್ಕೆ 5ರ ಬಡ್ಡಿಗೆ 20,000 ರೂಪಾಯಿ ತಂದೆವು. ಪತ್ನಿಗೆ ತಿಳಿಸಲಿಲ್ಲ. ತಿಂಗಳಿಗೆ 1,000 ರೂಪಾಯಿಯಂತೆ ಹನ್ನೊಂದು ತಿಂಗಳಲ್ಲಿ 11,000 ರೂಪಾಯಿ ತೆತ್ತ ಮೇಲೆಯೂ ಅಸಲು 20,000 ಹಾಗೆಯೇ ನಿಂತಿತ್ತು. ವಟುವು ಬ್ರಹ್ಮಚರ್ಯದಿಂದ ಋಷಿಋಣವನ್ನು ತೀರಿಸಬೇಕೆಂದು ಶ್ರುತಿಯು ಹೇಳುತ್ತದೆ. ಮಗನು ಋಷಿಋಣವನ್ನು ತೀರಿಸಲು ಹೊರಟ ದಿನವೇ ತಂದೆಯು ಸಾಹುಕಾರನ ಋಣಕ್ಕೆ ಸಿಕ್ಕಿಕೊಂಡಿದ್ದನು!

ಅಂಗಿಯ ಜೇಬಿನಲ್ಲಿದ್ದ ಚೀಟಿಯಿಂದ ವಿಷಯವು ಹೊರಬಿದ್ದಾಗ ಪತ್ನಿಯು ಕೇಳಿದ ಪ್ರಶ್ನೆ ಒಂದೇ: “ಪ್ರಾವಿಡೆಂಟ್ ಫಂಡಿನ ಮುಂಗಡವನ್ನೇಕೆ ಕೇಳಲಿಲ್ಲ?” ಇಂತಹ ಶುಭಕಾರ್ಯಗಳಿಗೆ ಆ ನಿಧಿಯಿಂದ ಮುಂಗಡ ಪಡೆದು ಸಂಬಳದಿಂದ ಕಂತುಗಳಲ್ಲಿ ತೀರಿಸುವ ಸೌಲಭ್ಯ ನಮಗೆ ಇದ್ದೇ ಇತ್ತು. ಕಚೇರಿಯವರಿಗೆ ನಮ್ಮ ಕೊರತೆ ತಿಳಿದೀತೆಂಬ ನಾಚಿಕೆಯೇ ಅಡ್ಡ ಬಂದಿತ್ತು. ಬಡ್ಡಿಯನ್ನು ನಾವು ಹಣದಿಂದ ತೆತ್ತೆವು. ಮುಚ್ಚಿಟ್ಟುದಕ್ಕೆ ಮನೆಯ ನಂಬಿಕೆಯಿಂದ ತೆತ್ತೆವು. ಎರಡನೆಯದನ್ನು ತುಂಬಿಕೊಡಲು ಹೆಚ್ಚು ಕಾಲ ಹಿಡಿಯಿತು.

ಇಂದು ಆ ಸಾಹುಕಾರನು ಕ್ರೆಡಿಟ್ ಕಾರ್ಡಿನ ರೂಪದಲ್ಲಿ ನಮ್ಮ ಮಕ್ಕಳ ಜೇಬಿನಲ್ಲಿಯೇ ಇದ್ದಾನೆ. ಕಾರ್ಡಿನ ಬಾಕಿ 50,000 ರೂಪಾಯಿ, ಬಡ್ಡಿ ತಿಂಗಳಿಗೆ ನೂರಕ್ಕೆ 3 ಎಂದು ಇಟ್ಟುಕೊಳ್ಳೋಣ. ತಿಂಗಳ ಬಡ್ಡಿ 1,500; ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 270. ಕನಿಷ್ಠ ಮೊತ್ತವೆಂದು 2,500 ಕಟ್ಟಿದರೆ ಅಸಲಿಗೆ ಸಲ್ಲುವುದು 730 ರೂಪಾಯಿ ಮಾತ್ರ. ಇತ್ತ ನೂರಕ್ಕೆ 6–7 ತರುವ ಠೇವಣಿಯನ್ನು ಒಡೆಯಲು ಮನಸ್ಸಿಲ್ಲದೆ, ಅತ್ತ ವರ್ಷಕ್ಕೆ 36 ತೆರುವ ಗೃಹಸ್ಥರು ನಮ್ಮಲ್ಲಿ ಇದ್ದಾರೆ.

ಭಾಗವತದ ಎಂಟನೆಯ ಸ್ಕಂಧದಲ್ಲಿ ಶುಕ್ರಾಚಾರ್ಯರು ಬಲಿಚಕ್ರವರ್ತಿಗೆ ವಿತ್ತವನ್ನು ಐದಾಗಿ ವಿಭಾಗಿಸಬೇಕೆಂದು ಹೇಳುತ್ತಾರೆ: ಧರ್ಮ, ಯಶಸ್ಸು, ಅರ್ಥ, ಕಾಮ, ಸ್ವಜನ. ವಾಮನನಿಗೆ ದಾನ ಕೊಡುವ ಆ ಸಂದರ್ಭದಲ್ಲಿ ಬಲಿಯು ಗುರುವಿನ ಮಾತನ್ನು ಮೀರಿದನು. ಆದರೂ ಗೃಹಸ್ಥನ ನಿತ್ಯವ್ಯವಹಾರಕ್ಕೆ ಈ ವಿಭಾಗವು ಯುಕ್ತವಾಗಿದೆ. ಐದೂ ಭಾಗಗಳು ಸಮವಾಗಿರಬೇಕೆಂದು ಅಲ್ಲಿ ಹೇಳಿಲ್ಲ. ಅರ್ಥವೆಂದರೆ ಮುಂದಿನ ಕಾಲಕ್ಕೆ ಉಳಿಸುವುದು. ಸ್ವಜನವೆಂದರೆ ಊರಿನಲ್ಲಿರುವ ತಂದೆತಾಯಿಗಳಿಗೆ ಕಳುಹಿಸುವುದು ಎಂದು ನಮಗೆ ನಾವು ಅನ್ವಯಿಸಿಕೊಳ್ಳಬಹುದು. ನಮ್ಮ ತಪ್ಪು ಯಾವುದೆಂದರೆ, ಯಶಸ್ಸಿನ ಭಾಗವನ್ನು ಸಾಲದಿಂದ ತುಂಬಿದ್ದು. ವಿಭಾಗವು ಇದ್ದ ವಿತ್ತಕ್ಕೇ ಹೊರತು ಇಲ್ಲದ ವಿತ್ತಕ್ಕಲ್ಲ.

ಅನುಷ್ಠಾನಕ್ಕೆ ಸುಲಭವಾದ ಕ್ರಮ ಹೀಗಿದೆ. ಒಂದು ಭಾನುವಾರ ಪತಿಪತ್ನಿಯರು ಕೂಡಿ ಕುಳಿತು ಇರುವ ಸಾಲಗಳೆಲ್ಲವನ್ನೂ ಅವುಗಳ ಬಡ್ಡಿಯೊಡನೆ ಬರೆಯಬೇಕು. ತಿಳಿಯುವ ವಯಸ್ಸಿನ ಮಕ್ಕಳಿದ್ದರೆ ಅವರೂ ಇರಲಿ. ಎಲ್ಲ ಸಾಲಗಳ ಕಂತನ್ನೂ ತಪ್ಪದೆ ಕಟ್ಟುತ್ತ, ಮಿಕ್ಕ ಹಣದಿಂದ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಬೇಕು. ತೀರಿದ ಮೇಲೆ ಅದೇ ಮೊತ್ತವನ್ನು ಉಳಿತಾಯಕ್ಕೆ ತಿರುಗಿಸಿ, ಕನಿಷ್ಠ ಮೂರು ತಿಂಗಳ ಖರ್ಚನ್ನು ಆಪತ್ತಿಗೆಂದು ತೆಗೆದಿಡಬೇಕು. ಉಳಿತಾಯವನ್ನೆಲ್ಲ ಒಂದೇ ಬ್ಯಾಂಕಿನಲ್ಲಿ ತುಂಬಬಾರದು; 2020ರ ಫೆಬ್ರವರಿಯಿಂದ ಠೇವಣಿ ವಿಮೆಯ ಮಿತಿಯು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ, ಬಡ್ಡಿಯೂ ಸೇರಿ, 5 ಲಕ್ಷ ರೂಪಾಯಿ.

ನಾವು ಮುಂಗಡ ಪಡೆದು ಸಾಹುಕಾರನ ಸಾಲ ತೀರಿಸಿದ ದಿನ ಮನೆಯಲ್ಲಿ ಅನ್ನ ಮತ್ತು ಸೊಪ್ಪಿನ ಹುಳಿ ಮಾತ್ರ ಇದ್ದವು. ಪತ್ನಿಯು ಹೊಸ ಲೆಕ್ಕದ ಪುಸ್ತಕವನ್ನು ನಮ್ಮ ಎಲೆಯ ಪಕ್ಕದಲ್ಲಿಟ್ಟಳು. ಧರ್ಮರಾಜನ ಉತ್ತರವನ್ನು ನಾವು ಅನೇಕ ಸಲ ಪಾಠ ಹೇಳಿದ್ದೆವು. ಅದರ ಅರ್ಥವು ನಮಗೆ ತಿಳಿದುದು ಅಂದಿನ ಊಟದಲ್ಲಿ.