ಸಿಗ್ನಲ್ ಸಿಗದ ಊರಲ್ಲಿ ಇಂಟರ್‌ನೆಟ್: ರೂಟರ್, ಆಂಟೆನಾ ಆರಿಸುವ ಬಗೆ

ರಾಯಚೂರು ಜಿಲ್ಲೆಯ ದೇವದುರ್ಗದ ಗುಡ್ಡದ ಮರೆಯ ಹಳ್ಳಿಯಲ್ಲೋ ಮಾನ್ವಿಯ ಗದ್ದೆ ಬಯಲಿನಲ್ಲೋ ಫೋನ್ ಹಿಡಿದು ಮಾಳಿಗೆ ಹತ್ತುವವರಿಗಾಗಿ ಇದು. ಭಯಪಡಬೇಡಿ, ಎಂಜಿನಿಯರ್ ಆಗಬೇಕಿಲ್ಲ. ಅಳೆಯುವ ಮುಂಚೆ ಮಾತ್ರ ಏನನ್ನೂ ಕೊಳ್ಳಬೇಡಿ.

1. ಸಿಗ್ನಲ್ ಅಳೆಯಿರಿ. ಆಂಡ್ರಾಯ್ಡ್ ಫೋನಿಗೆ ನೆಟ್‌ವರ್ಕ್ ಸೆಲ್ ಇನ್ಫೋ ಲೈಟ್ ಆ್ಯಪ್ ಹಾಕಿಕೊಂಡು ಆರ್‌ಎಸ್‌ಆರ್‌ಪಿ ಅನ್ನುವ ಅಂಕಿ ನೋಡಿ. ಮೈನಸ್ 85 ಆಸುಪಾಸು ಇದ್ದರೆ ಚೆನ್ನ, ಮೈನಸ್ 105 ಅಂದರೆ ತಿಣುಕಾಟ, ಮೈನಸ್ 120 ಅಂದರೆ ಇಲ್ಲದ ಲೆಕ್ಕ. ಹೊಸಬರು ಎಡವುವುದು ಇಲ್ಲೇ: 120 ದೊಡ್ಡದಾಗಿ ಕಂಡರೂ ಮುಂದೆ ಮೈನಸ್ ಇದೆ. ಒಳಮನೆ, ಅಂಗಳ, ಮಾಳಿಗೆ ಮೂರೂ ಕಡೆ ಅಳೆದು ಬರೆದಿಡಿ.

2. ಸಿಮ್ ಬದಲಿಸಿ ನೋಡಿ. ನೆರೆಮನೆಯವರ ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಫೋನುಗಳಲ್ಲೂ ಇದೇ ಅಂಕಿ ನೋಡಿ. ಟವರ್ ಯಾವ ದಿಕ್ಕಿಗಿದೆ ಎಂಬುದು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಸಿಗುತ್ತದೆ.

3. ನಸುಕಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ರಾಯಚೂರು ನಗರದವರು ಇದನ್ನು ಬಿಡಲೇಬೇಡಿ. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿವೆ, ನಸುಕಿನಲ್ಲಿ ವೇಗವಿದೆ, ರಾತ್ರಿ ಒಂಬತ್ತಕ್ಕೆ ಇಲ್ಲ ಅಂದರೆ ಟವರ್ ಮೇಲೆ ಜನ ಹೆಚ್ಚು. ಅದಕ್ಕೆ ಆಂಟೆನಾ ಮದ್ದಲ್ಲ, ಬೇರೆ ಸಿಮ್ ನೋಡಿ.

4. ರೂಟರ್ ಕೊಳ್ಳಿ. ಸಿಮ್ ಹಾಕುವ 4ಜಿ ರೂಟರ್ ಇರಲಿ. ಹಿಂದಿನ ಆಂಟೆನಾ ತಿರುಗಿಸಿ ಬಿಚ್ಚುವಂತಿರಬೇಕು, ಒಳಗೆ ಎಸ್‌ಎಂಎ ಸಾಕೆಟ್ ಇರಬೇಕು. ಜೇಬಿನ ಹಾಟ್‌ಸ್ಪಾಟ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ತಂದ ಮೇಲೆ ಟವರ್ ಕಡೆಯ ಕಿಟಕಿಯಲ್ಲಿಟ್ಟು ನಾಲ್ಕು ದಿನ ಬಳಸಿ. ತಗಡಿನ ಶೀಟು, ದಪ್ಪ ಕಲ್ಲುಗೋಡೆ ಸಿಗ್ನಲ್ ತಡೆಯುತ್ತವೆ. ಎಷ್ಟೋ ಮನೆಗಳಲ್ಲಿ ಕಿಟಕಿಗೆ ಬಂದರೇ ಕೆಲಸ ಮುಗಿಯುತ್ತದೆ, ಆಂಟೆನಾ ದುಡ್ಡು ಉಳಿಯುತ್ತದೆ.

5. ಆಂಟೆನಾ ಆರಿಸಿ. ಇನ್ನೂ ಸಾಲದಿದ್ದರೆ ಒಂದೇ ದಿಕ್ಕಿಗೆ ನೋಡುವ ಪ್ಯಾನೆಲ್ ಅಥವಾ ಲಾಗ್ ಪೀರಿಯಾಡಿಕ್ ಆಂಟೆನಾ ತನ್ನಿ. ಡಬ್ಬಿಯ ಮೇಲೆ 698–2700 ಮೆಗಾಹರ್ಟ್ಜ್ ಎಂದಿರಲಿ. 4ಜಿ ರೂಟರಿಗೆ ಸಾಮಾನ್ಯವಾಗಿ ಎರಡು ಸಾಕೆಟ್, ಆದ್ದರಿಂದ ಎರಡು ಕೇಬಲ್‌ನ ಮಿಮೊ ಪ್ಯಾನೆಲ್ಲೇ ಸಲೀಸು. ಅಂಗಡಿಯವರು ‘ಬೂಸ್ಟರ್ ಹಾಕ್ಸಿಬಿಡ್ರಿ’ ಅಂದರೆ ಬೇಡವೆನ್ನಿ. ಅನುಮತಿಯಿಲ್ಲದ ಬೂಸ್ಟರ್ ಕಾನೂನುಬಾಹಿರ, ಸುತ್ತಲಿನವರ ನೆಟ್‌ವರ್ಕನ್ನೂ ಕೆಡಿಸುತ್ತದೆ.

6. ಕೇಬಲ್ ಅಳತೆ ಹಾಕಿ. ದುಡ್ಡು ನೀರಾಗುವುದು ಇಲ್ಲಿ. ತೆಳು ಆರ್‌ಜಿ58 ಕೇಬಲ್ 10 ಮೀಟರ್ ಎಳೆದರೆ 2100 ಮೆಗಾಹರ್ಟ್ಜ್‌ನಲ್ಲಿ ಸುಮಾರು 8 ಡೆಸಿಬೆಲ್ ದಾರಿಯಲ್ಲೇ ಸೋರಿಹೋಗುತ್ತದೆ. ನಿಮ್ಮ 9 ಡಿಬಿಐ ಆಂಟೆನಾ ಗಳಿಸಿದ್ದರಲ್ಲಿ ಬಹುಪಾಲನ್ನು ಕೇಬಲ್ಲೇ ತಿಂದಂತಾಯಿತು. ದಪ್ಪ ಎಲ್‌ಎಂಆರ್400 ಆದರೆ ನಷ್ಟ ಸುಮಾರು 2 ಡೆಸಿಬೆಲ್ ಮಾತ್ರ. ಇನ್ನೂ ಜಾಣತನವೆಂದರೆ ರೂಟರನ್ನೇ ಮೇಲಿನ ಕೋಣೆಗೆ ಒಯ್ದು, ಆಂಟೆನಾ ಕೇಬಲ್ ಗಿಡ್ಡ ಮಾಡಿ, ಕೆಳಗಿನವರೆಗೆ ಲ್ಯಾನ್ ಕೇಬಲ್ ಇಳಿಸುವುದು. ಲ್ಯಾನ್ 100 ಮೀಟರ್ ತನಕ ತೊಂದರೆ ಕೊಡುವುದಿಲ್ಲ. ಆದರೆ ರೂಟರನ್ನು ಬಿಸಿಲಿಗಿಡಬೇಡಿ. ಏಪ್ರಿಲ್, ಮೇ ತಿಂಗಳ ರಾಯಚೂರಿನ 40 ಡಿಗ್ರಿ ಅದು ತಾಳದು.

7. ದಿಕ್ಕು ಹಿಡಿಸಿ. ಮೇಲೆ ಹತ್ತುವ ಮುಂಚೆ ಕರೆಂಟ್ ತಂತಿ ಎಲ್ಲಿದೆ ನೋಡಿಕೊಳ್ಳಿ. ಒಬ್ಬರು ಆಂಟೆನಾ ತಿರುಗಿಸಲಿ, ಇನ್ನೊಬ್ಬರು ರೂಟರಿನ ಸೆಟ್ಟಿಂಗ್ಸ್ ಪೇಜಿನಲ್ಲಿ ಆರ್‌ಎಸ್‌ಆರ್‌ಪಿ ಓದಿ ಹೇಳಲಿ. ಅಂಗೈಯಗಲ ತಿರುಗಿಸಿ, ಅರ್ಧ ನಿಮಿಷ ತಡೆಯಿರಿ, ಮತ್ತೆ ತಿರುಗಿಸಿ. ಅವಸರ ಬೇಡ, ಅಂಕಿ ಬದಲಾಗಲು ಹೊತ್ತು ಹಿಡಿಯುತ್ತದೆ.

8. ಅರ್ಥಿಂಗ್ ಕೊಡಿಸಿ. ಆಂಟೆನಾ ಕಟ್ಟಿದ ಕಂಬಕ್ಕೆ ಅರ್ಥಿಂಗ್, ಕೇಬಲ್‌ಗೆ ಸರ್ಜ್ ಅರೆಸ್ಟರ್ ಹಾಕುವ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ. ಇಷ್ಟಾದರೂ ಗುಡುಗು ಶುರುವಾಗುವ ಮುಂಚೆಯೇ ಕೇಬಲ್, ಪ್ಲಗ್ ಎರಡನ್ನೂ ಕಿತ್ತಿಡಿ. ಶುರುವಾದ ಮೇಲೆ ಮುಟ್ಟಬೇಡಿ.