ಶಾಲೆಯ ಹೊರಗೆ ಓದಿದವರ ಕಾಲೇಜು ಪ್ರವೇಶ: ಹಕ್ಕು, ಪರೀಕ್ಷೆ ಮತ್ತು ದಾಖಲೆ

ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಮನೆಯಲ್ಲಿಯೇ ಓದಿ ಬೆಳೆದ ಹದಿಹರೆಯದವರು ಕಾಲೇಜಿಗೆ ಅರ್ಜಿ ಹಾಕಿದಾಗ ಆಡಳಿತವು ಮುಖ್ಯವಾಗಿ ಎರಡು ಸಂಗತಿಗಳನ್ನು ಕೇಳುತ್ತದೆ: ಮಾನ್ಯತೆ ಪಡೆದ ಯಾವ ಮಂಡಳಿಯ ಪರೀಕ್ಷೆ ಪಾಸಾಗಿದೆ ಎಂಬುದು ಒಂದು, ಆ ಪರೀಕ್ಷೆಗೆ ಮುಂಚಿನ ವರ್ಷಗಳನ್ನು ಯಾವ ಊರಿನ ಯಾವ ಶಾಲೆಯಲ್ಲಿ ಕಳೆದದ್ದಕ್ಕೆ ದಾಖಲೆ ಇದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಶಾಲೆಯ ಮೆಟ್ಟಿಲು ಹತ್ತದೆಯೂ ಉತ್ತರ ಕೊಡಬಹುದಾದ ವ್ಯವಸ್ಥೆ ಕರ್ನಾಟಕದಲ್ಲಿದೆ. ಎರಡನೆಯದಕ್ಕೆ ಅಂತಹ ವ್ಯವಸ್ಥೆ ಇಲ್ಲವೆಂದೇ ಹೇಳಬೇಕು, ಮತ್ತು ವೃತ್ತಿಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣ ಮಕ್ಕಳಿಗೆ ಸಿಗುವ ಮುಖ್ಯ ಸೌಲಭ್ಯಗಳು ನಿಂತಿರುವುದು ಅದರ ಮೇಲೆಯೇ.

ಬೆಂಗಳೂರಿನಂತಹ ನಗರಗಳಲ್ಲಿ ಮನೆಶಿಕ್ಷಣವು ತಂದೆತಾಯಿಯರು ತಿಳಿದು ಆರಿಸಿಕೊಂಡ ಮಾರ್ಗವಾಗಿರಬಹುದು. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಯಲ್ಲಿ ಓದುವವರು ಬಹುಮಟ್ಟಿಗೆ ಬೇರೆಯವರು: ಹೈಸ್ಕೂಲು ಪಕ್ಕದೂರಿನಲ್ಲಿದೆ, ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಏಳನೆಯ ಅಥವಾ ಎಂಟನೆಯ ತರಗತಿಗೆ ನಿಂತ ಹೆಣ್ಣುಮಕ್ಕಳು, ಹತ್ತಿ ಬಿಡಿಸುವ ಮತ್ತು ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಹೊಲಕ್ಕೆ ಇಳಿದು ಮತ್ತೆ ಶಾಲೆಯ ಕಡೆಗೆ ತಿರುಗದ ಹುಡುಗರು, ಮನೆಮಂದಿಯೊಡನೆ ದುಡಿಯಲು ಗುಳೆ ಹೋಗಿ ಬಂದವರು. ಇಷ್ಟಪಟ್ಟು ಮನೆಯಲ್ಲಿ ಓದಿದವರನ್ನೂ ಕಷ್ಟಕ್ಕೆ ಮನೆಯಲ್ಲಿ ಉಳಿದವರನ್ನೂ ಕಾನೂನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಪರೀಕ್ಷಾ ಮಂಡಳಿಯ ಪಾಲಿಗೆ ಇಬ್ಬರೂ ಖಾಸಗಿ ಅಭ್ಯರ್ಥಿಗಳು, ಅಂದರೆ ಯಾವ ಶಾಲೆಯ ಮೂಲಕವೂ ಅಲ್ಲದೆ ನೇರವಾಗಿ ಪರೀಕ್ಷೆ ಕಟ್ಟುವವರು.

ಸಂವಿಧಾನದ 21ಎ ವಿಧಿಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿದೆ. ಅದನ್ನು ಜಾರಿಗೆ ತರುವ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಅನ್ವಯವಾಗುತ್ತಿದೆ. ಈ ಕಾಯ್ದೆಯ 10ನೆಯ ಕಲಮು ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯರ ಕರ್ತವ್ಯವೆಂದು ಹೇಳುತ್ತದಾದರೂ ಆ ಕರ್ತವ್ಯ ತಪ್ಪಿದವರಿಗೆ ಶಿಕ್ಷೆಯನ್ನು ವಿಧಿಸುವುದಿಲ್ಲ, ಮನೆಶಿಕ್ಷಣಕ್ಕೆ ಮಾನ್ಯತೆಯನ್ನಾಗಲಿ ನಿಷೇಧವನ್ನಾಗಲಿ ಸ್ಪಷ್ಟವಾಗಿ ಬರೆದಿಡುವುದೂ ಇಲ್ಲ. ಈ ಮೌನವನ್ನು ಅನುಮತಿ ಎಂದು ಓದಿಕೊಳ್ಳುವ ಕುಟುಂಬಗಳು ಅದರ ಜೊತೆಗಿರುವ 4ನೆಯ ಕಲಮನ್ನೂ ಓದಬೇಕು: ಶಾಲೆ ಬಿಟ್ಟ ಅಥವಾ ಸೇರದೇ ಇದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಸಹಪಾಠಿಗಳ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು, ಮತ್ತು ಹೀಗೆ ಸೇರಿದ ಮಗುವಿಗೆ 14 ವರ್ಷ ದಾಟಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಸಿಗಬೇಕು. ವರ್ಗಾವಣೆ ಪತ್ರ ಬರಲು ತಡವಾಯಿತೆಂದಾಗಲಿ ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ ಎಂದು 5 ಮತ್ತು 14ನೆಯ ಕಲಮುಗಳು ಹೇಳುತ್ತವೆ. ಹದಿಮೂರು ಹದಿನಾಲ್ಕರ ಮಗು ಮನೆಯಲ್ಲಿದ್ದರೆ, ಕಾಲೇಜಿನ ವಿಚಾರ ಮಾಡುವ ಮೊದಲು ಈ ಕಲಮುಗಳ ಬಲದಿಂದ ಎಂಟನೆಯ ತರಗತಿಗೆ ಮರಳಿ ಹೆಸರು ಹಚ್ಚಿಸುವುದೇ ಹೆಚ್ಚು ಲಾಭದ ದಾರಿ.

ಆ ವಯಸ್ಸು ದಾಟಿದವರಿಗೆ ಹತ್ತನೆಯ ತರಗತಿಯ ಪ್ರಮಾಣಪತ್ರ ಪಡೆಯಲು ಎರಡು ಮುಖ್ಯ ಮಾರ್ಗಗಳಿವೆ. ಒಂದು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಖಾಸಗಿ ಅಭ್ಯರ್ಥಿಯಾಗಿ ನೋಂದಾಯಿಸಿಕೊಂಡು ಎಸ್ಸೆಸ್ಸೆಲ್ಸಿ ಕಟ್ಟುವುದು. ಮಂಡಳಿಯು ಪ್ರತಿವರ್ಷ ಅಧಿಸೂಚನೆ ಹೊರಡಿಸಿ ಕನಿಷ್ಠ ವಯಸ್ಸು, ಶುಲ್ಕ, ಕೊನೆಯ ದಿನಾಂಕಗಳನ್ನು ತಿಳಿಸುತ್ತದೆ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಮೂಲ ದಾಖಲೆಗಳನ್ನು ನಿಗದಿಪಡಿಸಿದ ಕೇಂದ್ರದಲ್ಲಿ ಪರಿಶೀಲನೆಗೆ ಒಪ್ಪಿಸಬೇಕಾಗುತ್ತದೆ. ಈ ನೋಂದಣಿ ಪರೀಕ್ಷೆಗಿಂತ ಹಲವು ತಿಂಗಳು ಮೊದಲೇ ಮುಗಿದುಹೋಗುವುದರಿಂದ, ಸುಗ್ಗಿ ಮುಗಿಸಿಕೊಂಡು ಜನವರಿಯಲ್ಲಿ ವಿಚಾರಿಸಲು ಹೋದವರಿಗೆ ಆ ವರ್ಷದ ಅವಕಾಶ ಸಾಮಾನ್ಯವಾಗಿ ತಪ್ಪಿರುತ್ತದೆ. 2023–24ರಿಂದ ವಾರ್ಷಿಕ ಮತ್ತು ಪೂರಕ ಪರೀಕ್ಷೆಗಳ ಬದಲು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದ್ದು, ಒಂದರಲ್ಲಿ ಬಿದ್ದುಹೋದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದು.

ಇನ್ನೊಂದು ಮಾರ್ಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಜನರ ಬಾಯಲ್ಲಿ ಎನ್‌ಐಒಎಸ್. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಹುಟ್ಟಿದ, ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ಈ ಸ್ವಾಯತ್ತ ಸಂಸ್ಥೆಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಹತ್ತನೆಯ ತರಗತಿಗೆ ಸಮನಾದ ಸೆಕೆಂಡರಿ ಕೋರ್ಸಿಗೆ 14 ವರ್ಷ ತುಂಬಿದ್ದರೆ ಸಾಕು. ಎಂಟನೆಯ ತರಗತಿಯ ಪ್ರಮಾಣಪತ್ರ ಇಲ್ಲದವರು ಕೋರ್ಸನ್ನು ಓದುವಷ್ಟು ತಯಾರಿ ತಮಗಿದೆ ಎಂಬ ಸ್ವಯಂ ಘೋಷಣೆಯನ್ನು ಕೊಡಬಹುದು. ಶಾಲೆಯ ಮುಖವನ್ನೇ ನೋಡದವರಿಗೆ ಕಾನೂನು ಇಟ್ಟ ಅತ್ಯಂತ ಉದಾರವಾದ ಏರ್ಪಾಡು ಇದೆಂದರೆ ತಪ್ಪಾಗದು. ಪ್ರಮಾಣಪತ್ರಕ್ಕೆ ಭಾಷೆಯೂ ಸೇರಿ ಕನಿಷ್ಠ ಐದು ವಿಷಯಗಳು ಬೇಕು, ನೋಂದಣಿ 5 ವರ್ಷ ಜೀವಂತವಾಗಿರುತ್ತದೆ, ಆ ಅವಧಿಯಲ್ಲಿ ಒಂಬತ್ತು ಅವಕಾಶಗಳಲ್ಲಿ ವಿಷಯಗಳನ್ನು ಒಂದೊಂದಾಗಿ ಪಾಸು ಮಾಡಿಕೊಳ್ಳಬಹುದು. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಲು ಅವಕಾಶವಿದೆಯಾದರೂ ಉಳಿದ ವಿಷಯಗಳು ಯಾವ ಮಾಧ್ಯಮದಲ್ಲಿ ಸಿಗುತ್ತವೆ ಎಂಬುದನ್ನು ಆಯಾ ವರ್ಷದ ಪ್ರವೇಶ ಕೈಪಿಡಿಯಲ್ಲಿ ನೋಡಿಕೊಂಡೇ ಶುಲ್ಕ ತುಂಬುವುದು ಒಳ್ಳೆಯದು, ಏಕೆಂದರೆ ಕನ್ನಡದಲ್ಲಿಯೇ ಓದಿದ ಹಳ್ಳಿಯ ಹುಡುಗಿಗೆ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿ ಬಂದು ಬಿದ್ದರೆ ಉದಾರ ನಿಯಮವೂ ಉಪಯೋಗಕ್ಕೆ ಬರುವುದಿಲ್ಲ.

ಹನ್ನೆರಡನೆಯ ತರಗತಿಯ ಹಂತದಲ್ಲಿ ದಾರಿ ಕವಲೊಡೆಯುತ್ತದೆ. ದ್ವಿತೀಯ ಪಿಯುಸಿಯನ್ನು ಖಾಸಗಿಯಾಗಿ ಕಟ್ಟುವ ಅವಕಾಶ ಕಲಾ ಮತ್ತು ವಾಣಿಜ್ಯ ವಿಭಾಗಗಳಿಗೆ ಮಾತ್ರ; ಪ್ರಯೋಗಾಲಯದ ಕೆಲಸವಿರುವ ವಿಜ್ಞಾನಕ್ಕೆ ಇಲ್ಲ. ಆದ್ದರಿಂದ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಕೃಷಿ ಓದಬೇಕೆಂಬ ರೈತನ ಮಗ ಎಸ್ಸೆಸ್ಸೆಲ್ಸಿಯನ್ನು ಹೇಗೆ ಪಾಸು ಮಾಡಿದ್ದರೂ ಮುಂದಿನ ಎರಡು ವರ್ಷ ಪದವಿಪೂರ್ವ ಕಾಲೇಜಿಗೆ ಹೋಗಿ ವಿಜ್ಞಾನ ಓದಬೇಕು, ಇಲ್ಲವೇ ಎನ್‌ಐಒಎಸ್‌ನ ಸೀನಿಯರ್ ಸೆಕೆಂಡರಿಯಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಸೇರಿದಂತೆ ಆ ಪದವಿಗೆ ಬೇಕಾದ ವಿಜ್ಞಾನ ವಿಷಯಗಳನ್ನು ಮುಗಿಸಬೇಕು. ರೈತರ ಮಕ್ಕಳಿಗೆ ಆ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ಕೋಟಾ ಇದ್ದು ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕಾಗುತ್ತದೆ. ಎಕರೆಗಟ್ಟಲೆ ಎರೆಭೂಮಿ ಇದ್ದರೂ ಖಾಸಗಿ ಪಿಯುಸಿಯ ಕಲಾ ವಿಭಾಗದ ಅಂಕಪಟ್ಟಿ ಹಿಡಿದು ಹೋದವರಿಗೆ ಆ ಕೋಟಾ ನೆರವಾಗದು. ವೈದ್ಯಕೀಯದ ವಿಷಯದಲ್ಲಿ ಮಾತ್ರ ಒಂದು ಹಳೆಯ ಅಡ್ಡಿ ತೊಲಗಿದೆ. ಮುಕ್ತ ಶಾಲೆಯಲ್ಲಿ ಓದಿದವರನ್ನು ನೀಟ್ ಪರೀಕ್ಷೆಯಿಂದ ಹೊರಗಿಟ್ಟಿದ್ದ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದುಪಡಿಸಿತು, ಮತ್ತು ಸುಪ್ರೀಂ ಕೋರ್ಟಿಗೆ ಹೋದ ಆ ವಿವಾದ 2024ರಲ್ಲಿ ಅಭ್ಯರ್ಥಿಗಳ ಪರವಾಗಿಯೇ ಮುಗಿಯಿತು.

ಇನ್ನು ಹೆಚ್ಚಿನ ಕುಟುಂಬಗಳು ಕೊನೆಯ ಗಳಿಗೆಯಲ್ಲಿ ಎಡವುವ ಜಾಗ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುವ ಸರ್ಕಾರಿ ಸೀಟಿಗೆ ಅರ್ಹತೆಯ ಸಾಮಾನ್ಯ ನಿಯಮವೆಂದರೆ, ಅಭ್ಯರ್ಥಿಯು ಒಂದನೆಯ ತರಗತಿಯಿಂದ ಹನ್ನೆರಡನೆಯವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಓದಿರಬೇಕು. ಗ್ರಾಮೀಣ ಕೋಟಾ ಶೇ 15ರಷ್ಟು, ಕನ್ನಡ ಮಾಧ್ಯಮದ ಕೋಟಾ ಶೇ 5ರಷ್ಟು. ಇವೆರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಹತ್ತೂ ವರ್ಷಗಳ ವ್ಯಾಸಂಗ ಪ್ರಮಾಣಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜುವಿನೊಡನೆ ಬೇಕು. ವಿದ್ಯಾರ್ಥಿಯ ಶಾಲಾ ವಿವರವನ್ನು ಸ್ಯಾಟ್ಸ್ ಸಂಖ್ಯೆಯ, ಅಂದರೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಗೆ ಕೊಟ್ಟ ಸಂಖ್ಯೆಯ, ಮೂಲಕ ಗಣಕದಲ್ಲಿಯೇ ಹೋಲಿಸಿ ನೋಡುವ ಪದ್ಧತಿಯೂ ಈಗ ಬಂದಿದೆ. ಹುಟ್ಟಿದ್ದು ಹಳ್ಳಿ, ಬೆಳೆದದ್ದು ಹಳ್ಳಿ, ಓದಿದ್ದೆಲ್ಲ ಕನ್ನಡ ಎಂಬ ಸತ್ಯ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಶಾಲೆಯ ರಜಿಸ್ಟರು. ಗ್ರಾಮೀಣತೆಯನ್ನು ಶಾಲೆಯ ವಿಳಾಸದಿಂದ ಅಳೆಯುವ ಈ ನಿಯಮ, ಶಾಲೆಯೇ ದೂರವಿದ್ದುದರಿಂದ ಮನೆಯಲ್ಲಿ ಉಳಿದ ಮಗುವನ್ನು ಗ್ರಾಮೀಣ ಕೋಟಾದಿಂದಲೇ ಹೊರಗಿಡುತ್ತದೆ ಎಂಬುದು ನ್ಯಾಯದ ದೃಷ್ಟಿಯಿಂದ ಒಪ್ಪಿಕೊಳ್ಳಲು ಕಷ್ಟವಾದ ಸಂಗತಿ, ಆದರೆ ನಿಯಮ ಬದಲಾಗುವವರೆಗೆ ಅದನ್ನು ತಿಳಿದು ನಡೆಯಬೇಕಾಗಿದೆ. ಇದೇ ಕಾರಣಕ್ಕೆ ನವಲಗುಂದ, ಅಣ್ಣಿಗೇರಿ ಪುರಸಭೆಗಳ ಗಡಿಯೊಳಗಿನ ಶಾಲೆಯಲ್ಲಿ ಓದಿದ ಸುತ್ತಲ ಹಳ್ಳಿಗಳ ಮಕ್ಕಳಿಗೂ ಆ ವರ್ಷಗಳು ಗ್ರಾಮೀಣವೆಂದು ಎಣಿಕೆಯಾಗುವುದಿಲ್ಲ. ಜಾತಿ ಆಧಾರಿತ ಮೀಸಲಾತಿಯ ಸ್ಥಿತಿ ಬೇರೆ: ಅದಕ್ಕೆ ಆಧಾರ ನಾಡಕಚೇರಿಯ ಮೂಲಕ ತಹಶೀಲ್ದಾರರು ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರವೇ ಹೊರತು ಶಾಲೆಯ ಹಾಜರಿಯಲ್ಲ.

ಮೊದಲ ಕೆಲವು ತರಗತಿಗಳನ್ನಾದರೂ ಶಾಲೆಯಲ್ಲಿ ಓದಿದ ಮಗುವಿನ ವರ್ಗಾವಣೆ ಪತ್ರ, ಅಂದರೆ ಟಿಸಿ, ಮತ್ತು ವರ್ಷವಾರು ವ್ಯಾಸಂಗ ಪ್ರಮಾಣಪತ್ರವನ್ನು ಆಗಲೇ ಬರೆಯಿಸಿ ಇಟ್ಟುಕೊಳ್ಳಬೇಕು. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಅದಕ್ಕೂ ಮೊದಲೇ ಓಡಾಡಬೇಕು: 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ 2023ರಲ್ಲಾದ ತಿದ್ದುಪಡಿಯ ಪ್ರಕಾರ, ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರ ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಕಾಗದಗಳು ಒಂದಕ್ಕೊಂದು ಹೊಂದುವುದೂ ಮುಖ್ಯ. ಆಧಾರ್‌ನಲ್ಲಿ ತಂದೆಯ ಹೆಸರು ಬಸವರಾಜ, ಟಿಸಿಯಲ್ಲಿ ಬಸಪ್ಪ, ಜಾತಿ ಪ್ರಮಾಣಪತ್ರದಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ ಎಂಬಂತಿದ್ದರೆ ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ಮೊದಲೇ ಸರಿಪಡಿಸಿಕೊಳ್ಳುವುದು ಸುಲಭ, ಏಕೆಂದರೆ ಮುಂದಿನ ಪ್ರತಿಯೊಂದು ಕಚೇರಿಯೂ ಹತ್ತನೆಯ ತರಗತಿಯ ಅಂಕಪಟ್ಟಿಯನ್ನೇ ಮೂಲವೆಂದು ಹಿಡಿಯುತ್ತದೆ. ಅಣ್ಣಿಗೇರಿ ಭಾಗದವರ ಹಳೆಯ ಕಾಗದಗಳಲ್ಲಿ ನವಲಗುಂದ ತಾಲ್ಲೂಕು ಎಂದೂ ಹೊಸವುಗಳಲ್ಲಿ ಅಣ್ಣಿಗೇರಿ ತಾಲ್ಲೂಕು ಎಂದೂ ಇರುವುದು ತಪ್ಪಲ್ಲ. ತಾಲ್ಲೂಕು ವಿಭಜನೆಯಾದದ್ದರ ಫಲ ಅದು, ಅದಕ್ಕಾಗಿ ಅರ್ಜಿ ತಿರಸ್ಕರಿಸಲು ಕಾರಣವಿಲ್ಲ.

ಹತ್ತು ಮತ್ತು ಹನ್ನೆರಡನ್ನು ಒಂದೇ ವರ್ಷದಲ್ಲಿ, ಪರೀಕ್ಷೆಗೆ ಕೂರದೆಯೇ ಪಾಸು ಮಾಡಿಸುವುದಾಗಿ ಹೇಳುವವರ ಬಗ್ಗೆ ಒಂದು ಮಾತು ಅಗತ್ಯ. ಕೇಳಲು ಸರ್ಕಾರಿ ಎನ್ನಿಸುವ ಹೆಸರಿಟ್ಟುಕೊಂಡ ಮಾನ್ಯತೆಯಿಲ್ಲದ ಮಂಡಳಿಗಳ ಅಂಕಪಟ್ಟಿಗೆ ಕಾಲೇಜಿನಲ್ಲಾಗಲಿ ನೌಕರಿಯಲ್ಲಾಗಲಿ ಬೆಲೆಯಿಲ್ಲ. ಮಂಡಳಿಯ ಮಾನ್ಯತೆಯನ್ನು ಜಿಲ್ಲೆಯ ಪದವಿಪೂರ್ವ ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡ ನಂತರವೇ ಹಣ ಕೊಡಬೇಕು. ಹಣ ಹೋದ ಮೇಲೆ ಉಳಿಯುವ ದಾರಿ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಡಿ ವಂಚನೆಯ ದೂರು, ಅದಕ್ಕೆ ರಸೀದಿ ಬೇಕು, ಮತ್ತು ಇಂತಹ ವ್ಯವಹಾರದಲ್ಲಿ ರಸೀದಿ ಕೊಡುವವರು ಕಡಿಮೆ.

ಪದವಿ ಪ್ರವೇಶದ ಅರ್ಜಿ ಈಗ ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ರಾಜ್ಯದ ಏಕೀಕೃತ ಜಾಲತಾಣ ಯುಯುಸಿಎಂಎಸ್ ಮೂಲಕವೇ ಹೋಗುತ್ತದೆ. ರಾಜ್ಯದ ಪಿಯುಸಿಯನ್ನು ಖಾಸಗಿಯಾಗಿ ಪಾಸಾದವರಿಗೂ ಕಾಲೇಜಿನಿಂದ ಪಾಸಾದವರಿಗೂ ಇಲ್ಲಿ ಭೇದವಿಲ್ಲ. ಎನ್‌ಐಒಎಸ್‌ನಂತಹ ಬೇರೆ ಮಂಡಳಿಯಿಂದ ಬಂದವರು ವಲಸೆ ಪ್ರಮಾಣಪತ್ರದ ಜೊತೆಗೆ ವಿಶ್ವವಿದ್ಯಾಲಯದಿಂದ ಅರ್ಹತಾ ಪ್ರಮಾಣಪತ್ರ, ಅಂದರೆ ಆ ಮಂಡಳಿಯ ಪರೀಕ್ಷೆ ಇಲ್ಲಿನ ಪಿಯುಸಿಗೆ ಸಮಾನವೆಂಬ ದೃಢೀಕರಣ, ಪಡೆಯಬೇಕಾಗುತ್ತದೆ. ಕಾಲೇಜು ಪ್ರವೇಶ ಕೊಟ್ಟಿತೆಂದು ಇದನ್ನು ಮರೆತವರಿಗೆ ಪರೀಕ್ಷೆಯ ಹೊತ್ತಿಗೆ ತೊಂದರೆಯಾಗುತ್ತದೆ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿಯೇ ಸೂಚಿಸಿದೆ.

ಕಚೇರಿಯಲ್ಲಿ ಕೆಲಸ ನಿಂತರೆ ಕೈಯಲ್ಲಿರುವ ಸಾಧನಗಳು ಕಡಿಮೆಯೇನಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದಂತಹ ಸೇವೆಗಳು 2011ರ ಸಕಾಲ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಅರ್ಜಿ ಕೊಟ್ಟಾಗ ಸಿಗುವ ಸಕಾಲ ಸಂಖ್ಯೆಯನ್ನು ಕೇಳಿ ಪಡೆದರೆ, ಗಡುವು ಮೀರಿದ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು. ಅರ್ಜಿ ಏಕೆ ತಿರಸ್ಕೃತವಾಯಿತೆಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿಯಲ್ಲಿ ಇರಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಕೊಡುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಬಹುದು, ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು. ಅರ್ಹತೆ ಇದ್ದೂ ಮಂಡಳಿಯೋ ವಿಶ್ವವಿದ್ಯಾಲಯವೋ ಸೀಟು ನಿರಾಕರಿಸಿದಾಗ ಸಂವಿಧಾನದ 226ನೆಯ ವಿಧಿಯಡಿ ರಿಟ್ ಅರ್ಜಿ ಸಲ್ಲಿಸಲು ಈ ತಾಲ್ಲೂಕುಗಳ ಜನ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹೈಕೋರ್ಟಿನ ಧಾರವಾಡ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಿಂದ ಕಾಯಂ ಆಗಿದೆ, ಮತ್ತು ಪ್ರವೇಶದ ಕೊನೆಯ ದಿನಾಂಕ ಹತ್ತಿರವಿದ್ದರೆ ಮಧ್ಯಂತರ ಆದೇಶವನ್ನು ಅರ್ಜಿಯ ಜೊತೆಗೇ ಕೋರಬಹುದು.