ವಿದ್ಯಾಭ್ಯಾಸವೂ ಸತ್ಯನಿಷ್ಠೆಯೂ

ಶರನ್ನವರಾತ್ರಿಯಲ್ಲಿ ಮೂಲಾನಕ್ಷತ್ರದ ದಿನ ನಮ್ಮ ಮನೆಗಳಲ್ಲಿ ಸರ್ವಮೂಲ, ಭಾಗವತಾದಿ ಗ್ರಂಥಗಳೊಡನೆ ಮಕ್ಕಳ ಪಾಠಪುಸ್ತಕಗಳನ್ನೂ ಪೀಠದ ಮೇಲಿರಿಸಿ ಪೂಜಿಸುವ ಸಂಪ್ರದಾಯವುಂಟು. ವಿಜಯದಶಮಿಯಂದು ಅವನ್ನು ತೆಗೆದು, ನಾಲ್ಕು ಪಂಕ್ತಿಗಳನ್ನಾದರೂ ಓದಿ, ವಿದ್ಯಾಭ್ಯಾಸವನ್ನು ಪುನಃ ಆರಂಭಿಸುತ್ತೇವೆ. ಅಂದೇ ಶ್ರೀಮದಾಚಾರ್ಯರ ಜಯಂತಿಯೂ ಆಗಿರುವುದು ನಮ್ಮ ಭಾಗ್ಯ. ಪೂಜೆಗೊಂಡ ಪುಸ್ತಕವನ್ನು ಮರುದಿನ ಚೀಲದಲ್ಲಿರಿಸಿಕೊಂಡು ಶಾಲೆಗೆ ಹೋಗುವ ಮಗುವು ಆ ಪುಸ್ತಕದಿಂದ ಏನನ್ನು ಪಡೆಯಬೇಕೆಂದು ನಾವು ಬಯಸುತ್ತೇವೆ? ಅಂಕಗಳನ್ನು ಮಾತ್ರವೋ, ಅಥವಾ ಬೇರೇನಾದರೂ ಉಂಟೋ? ಈ ಪ್ರಶ್ನೆಯನ್ನು ನಮ್ಮನ್ನು ನಾವೇ ಕೇಳಿಕೊಳ್ಳುವುದು ಇಂದು ಅವಶ್ಯವಾಗಿದೆ.

ಪರೀಕ್ಷೆಯ ಪರೀಕ್ಷೆ

ನಮ್ಮ ನಾಡಿನಲ್ಲಿಯೇ ನಡೆದ ಎರಡು ಸಂಗತಿಗಳನ್ನು ನೆನೆಯೋಣ. 2016ನೆಯ ಇಸವಿಯ ಮಾರ್ಚ್ 21ರಂದು ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಪರೀಕ್ಷೆ ನಡೆಯಿತು. ಪ್ರಶ್ನಪತ್ರಿಕೆಯು ಮೊದಲೇ ಹೊರಬಿದ್ದಿತ್ತೆಂದು ತಿಳಿದು ಆ ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಗೊತ್ತಾದ ಮರುಪರೀಕ್ಷೆಯ ಪತ್ರಿಕೆಯೂ ಸೋರಿಹೋಯಿತು. ಕಡೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಬೇಕಾಯಿತು. ರಾತ್ರಿಗಳನ್ನು ಹಗಲು ಮಾಡಿ ಓದಿದ್ದ ನಿರಪರಾಧಿಗಳಾದ ಲಕ್ಷಾಂತರ ಮಕ್ಕಳು ಅನುಭವಿಸಿದ ಕ್ಲೇಶಕ್ಕೆ ಕಾರಣರಾದವರು ಮಕ್ಕಳಲ್ಲ. ಹಣವನ್ನು ಕೊಟ್ಟ ಮತ್ತು ಕೊಂಡ ಹಿರಿಯರು.

2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿರಿಸಿ, ದೂರದ ಕಛೇರಿಯಿಂದಲೇ ನೋಡುವ ವ್ಯವಸ್ಥೆಯನ್ನು ಸರ್ಕಾರವು ಮಾಡಿತು. ಹಿಂದಿನ ವರ್ಷ ಶೇಕಡಾ 83.89ರಷ್ಟಿದ್ದ ಫಲಿತಾಂಶವು ಆ ವರ್ಷ ಶೇಕಡಾ 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಈ ಇಳಿತಕ್ಕೆಲ್ಲ ನಕಲೊಂದೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಆದರೆ ನೋಡುವ ಕಣ್ಣೊಂದು ಗೋಡೆಯ ಮೇಲಿದ್ದರೆ ಒಂದು ನಡತೆ, ಇಲ್ಲದಿದ್ದರೆ ಇನ್ನೊಂದು ನಡತೆ ಎಂಬ ಸ್ಥಿತಿಗೆ ನಮ್ಮ ಶಿಕ್ಷಣವು ಬಂದಿತೇ ಎಂಬ ಶಂಕೆಯು ಯಾರನ್ನೂ ಬಾಧಿಸದೆ ಇರದು. ಗೋಡೆಯ ಕ್ಯಾಮೆರಾಕ್ಕೆ ವಿದ್ಯುತ್ತು ಬೇಕು. ಅದು ನಿಂತರೆ ಕಣ್ಣೂ ಮುಚ್ಚಿತು. ಹೃದಯದಲ್ಲಿ ಬಿಂಬರೂಪಿಯಾಗಿ ನೆಲೆಸಿರುವ ಅಂತರ್ಯಾಮಿಯ ಕಣ್ಣು ಮುಚ್ಚುವ ಕಾಲವುಂಟೇ? ಇದನ್ನು ಬಲ್ಲ ಮಗುವಿಗೆ ಕಾವಲುಗಾರನ ಆವಶ್ಯಕತೆಯಿಲ್ಲ.

ಸತ್ಯಕಾಮನ ಪ್ರವೇಶ

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ವೃತ್ತಾಂತವು ನಮ್ಮೆಲ್ಲರಿಗೂ ಪರಿಚಿತವಾದುದೇ. ಬ್ರಹ್ಮಚರ್ಯವನ್ನು ಕೈಗೊಳ್ಳಲು ಹೊರಟ ಬಾಲಕನು ತನ್ನ ಗೋತ್ರ ಯಾವುದೆಂದು ತಾಯಿ ಜಬಾಲೆಯನ್ನು ಕೇಳುತ್ತಾನೆ. ಆಕೆಯು ತನಗೆ ಅದು ತಿಳಿಯದೆಂದು ಮರೆಮಾಚದೆ ಹೇಳುತ್ತಾಳೆ. ಹಾರಿದ್ರುಮತ ಗೌತಮರ ಬಳಿ ಹೋಗಿ ಬಾಲಕನೂ ತಾಯಿ ಹೇಳಿದುದನ್ನು ಹಾಗೆಯೇ ನಿವೇದಿಸುತ್ತಾನೆ. ಗುರುಗಳು ಅವನ ಸತ್ಯವನ್ನೇ ಅರ್ಹತೆಯೆಂದು ಗಣಿಸಿ ಉಪನಯನಕ್ಕೆ ಸಮಿತ್ತನ್ನು ತರಹೇಳುತ್ತಾರೆ. ಆಮೇಲೆ ಕೃಶವಾದ ನಾನೂರು ಗೋವುಗಳನ್ನು ಅವನ ವಶಕ್ಕೆ ಕೊಡಲು, ಅವು ಸಾವಿರವಾಗುವ ತನಕ ಹಿಂದಿರುಗೆನೆಂದು ಆತನು ಅರಣ್ಯಕ್ಕೆ ನಡೆಯುತ್ತಾನೆ.

ಇಲ್ಲಿ ನಾವು ಗಮನಿಸತಕ್ಕದ್ದು ತಾಯಿಯ ಪಾತ್ರವನ್ನು. ಒಂದು ಗೋತ್ರದ ಹೆಸರನ್ನು ಕಲ್ಪಿಸಿ ಹೇಳಿಕೊಡುವುದು ಆಕೆಗೆ ಕಷ್ಟವಾಗಿರಲಿಲ್ಲ. ಇಂದು ಮಗುವನ್ನು ಶಾಲೆಗೆ ಸೇರಿಸುವಾಗ ವಯಸ್ಸನ್ನೋ, ವಿಳಾಸವನ್ನೋ, ವರಮಾನವನ್ನೋ ತಿದ್ದಿ ಬರೆಯಿಸುವ ಪೋಷಕರಿದ್ದಾರೆ. ಅದನ್ನು ಮಗುವು ಪಕ್ಕದಲ್ಲಿ ನಿಂತು ನೋಡುತ್ತಿರುತ್ತದೆ. ಅದರ ಮೊದಲ ಪಾಠವು ಅಕ್ಷರಾಭ್ಯಾಸಕ್ಕೆ ಮುಂಚೆಯೇ ಆಗಿಹೋಯಿತೆಂದು ನಾವು ತಿಳಿಯಬೇಕು.

ಶ್ವೇತಕೇತುವಿನ ಗರ್ವ

ಅದೇ ಉಪನಿಷತ್ತಿನಲ್ಲಿ ಉದ್ದಾಲಕರ ಮಗನಾದ ಶ್ವೇತಕೇತುವು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ವೇದಗಳನ್ನೆಲ್ಲ ಓದಿ ಹಿಂದಿರುಗುತ್ತಾನೆ. ಓದಿದುದೇನೋ ಪೂರ್ಣ, ಜೊತೆಯಲ್ಲಿ ಬಂದುದು ಗರ್ವ. ತಂದೆಯು ಕೇಳಿದ ಒಂದೇ ಪ್ರಶ್ನೆಗೆ ಉತ್ತರಿಸಲಾರದೆ, ತನ್ನ ಗುರುಗಳಿಗೂ ಅದು ತಿಳಿದಿರಲಾರದೆಂದು ಹೇಳಿಬಿಡುತ್ತಾನೆ. ತಂದೆಯು ಕೋಪಿಸಿಕೊಳ್ಳಲಿಲ್ಲ. ಒಂಬತ್ತು ದೃಷ್ಟಾಂತಗಳಿಂದ, ಸ್ವತಂತ್ರನಾದ ಭಗವಂತನು ಬೇರೆ, ಅವನ ಅಧೀನನಾದ ನೀನು ಬೇರೆ ಎಂಬ ತತ್ತ್ವವನ್ನು ಮನಗಾಣಿಸಿದನು. ಶ್ರೀಮದಾಚಾರ್ಯರು ಈ ಪ್ರಕರಣವನ್ನು ವಿವರಿಸಿದ ರೀತಿಯಲ್ಲಿ ನೋಡಿದರೆ, ಗರ್ವಿಷ್ಠನಾದ ಮಗನಿಗೆ ಆತನ ಪಾರತಂತ್ರ್ಯವನ್ನು ತಿಳಿಸಿದುದೇ ತಕ್ಕ ಚಿಕಿತ್ಸೆಯಾಯಿತು.

ಆ ದೃಷ್ಟಾಂತಗಳಲ್ಲಿ ಕಡೆಯದು ಕಳ್ಳನದು. ಕಳವಿನ ಆರೋಪಕ್ಕೆ ಗುರಿಯಾದವನು ಕಾಯಿಸಿದ ಕೊಡಲಿಯನ್ನು ಹಿಡಿಯಬೇಕು. ಅನೃತವನ್ನು ಹೊದ್ದವನು ಸುಡುತ್ತಾನೆ, ಸತ್ಯವನ್ನು ಆಶ್ರಯಿಸಿದವನು ಪಾರಾಗುತ್ತಾನೆ. ಹನ್ನೆರಡು ವರ್ಷಗಳ ಅಧ್ಯಯನದ ಮೇಲೆ ನಡೆದ ಈ ಪಾಠವು ಸತ್ಯದ ಪರೀಕ್ಷೆಯಲ್ಲಿ ಮುಗಿಯುವುದು ಮನನಾರ್ಹವಾಗಿದೆ. ಪರರದನ್ನು ತನ್ನದೆನ್ನುವುದೇ ಚೌರ್ಯ. ಭಗವಂತನ ಕರ್ತೃತ್ವವನ್ನು ತನ್ನದೆಂದು ಬೀಗುವುದು ಅದರ ದೊಡ್ಡ ರೂಪ. ಪಕ್ಕದವನ ಉತ್ತರವನ್ನು ತನ್ನದೆಂದು ಬರೆಯುವುದು ಅದರ ಚಿಕ್ಕ ರೂಪ. ಚಿಕ್ಕದನ್ನು ಅಭ್ಯಾಸ ಮಾಡಿದವನಿಗೆ ದೊಡ್ಡದು ಪಾಪವೆಂದೇ ತೋರದು.

ಗುರುವಿನ ಹೊಣೆ

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಅಧ್ಯಯನವನ್ನು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಅನುಶಾಸನವಿದೆ. ಸತ್ಯ, ಧರ್ಮ, ಸ್ವಾಧ್ಯಾಯಗಳನ್ನು ಬಿಡಬೇಡವೆಂದೂ, ಮಾತಾಪಿತೃಗಳನ್ನು, ಆಚಾರ್ಯನನ್ನು, ಅತಿಥಿಯನ್ನು ದೇವರಂತೆ ಕಾಣೆಂದೂ, ಶ್ರದ್ಧೆಯಿಂದ ದಾನಮಾಡೆಂದೂ ಹೇಳಿದ ಆತನು, ನಮ್ಮಲ್ಲಿ ಒಳ್ಳೆಯ ನಡತೆಗಳು ಯಾವುವೋ ಅವನ್ನು ಮಾತ್ರ ಅನುಸರಿಸು, ಉಳಿದವನ್ನು ಬಿಡು ಎಂಬರ್ಥದ ಮಾತನ್ನೂ ಹೇಳುತ್ತಾನೆ. ತನ್ನಲ್ಲಿಯೂ ದೋಷವಿರಬಹುದೆಂದು ಶಿಷ್ಯನ ಮುಂದೆ ಒಪ್ಪಿಕೊಳ್ಳುವ ಈ ಧೈರ್ಯಕ್ಕಿಂತ ಮಿಗಿಲಾದ ನೀತಿಪಾಠ ಯಾವುದಿದ್ದೀತು?

ಸುಮಧ್ವವಿಜಯದಲ್ಲಿಯೂ ಇಂಥ ಪ್ರಸಂಗವಿದೆ. ಮಧ್ಯಗೇಹಭಟ್ಟರು ಪುರಾಣಪ್ರವಚನ ಮಾಡುತ್ತ ವೃಕ್ಷಗಳ ಹೆಸರುಗಳಲ್ಲಿ ಲಿಕುಚವೆಂಬುದರ ಅರ್ಥವನ್ನು ಹೇಳದೆ ಬಿಡಲು, ಬಾಲಕ ವಾಸುದೇವನು ಅದನ್ನು ಕೇಳಿ, ತಾನೇ ತಿಳಿಸಿದನು. ಮಗು ಕೇಳಿದ ಪ್ರಶ್ನೆಯನ್ನು ಗದರಿಸಿ ಅಡಗಿಸದಿರುವುದೂ ಶಿಕ್ಷಣದ ಒಂದು ಅಂಗವೆಂದು ನಾವು ಇದರಿಂದ ಗ್ರಹಿಸಬಹುದು.

ನಮ್ಮ ಕರ್ತವ್ಯ

ನೀತಿಶಿಕ್ಷಣವನ್ನು ಕುರಿತು ಸರ್ಕಾರಗಳು ಚಿಂತಿಸದೆ ಇಲ್ಲ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ 1948-49ರ ವಿಶ್ವವಿದ್ಯಾನಿಲಯ ಆಯೋಗದಿಂದ ಹಿಡಿದು 1964-66ರ ಕೊಠಾರಿ ಆಯೋಗ, 2020ರ ರಾಷ್ಟ್ರೀಯ ಶಿಕ್ಷಣನೀತಿಯವರೆಗೆ ಎಲ್ಲವೂ ಇದರ ಅಗತ್ಯವನ್ನು ಒತ್ತಿಹೇಳಿವೆ. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆಗೆ ಸಂವಿಧಾನದ 28ನೆಯ ವಿಧಿಯು ಅವಕಾಶ ಕೊಡುವುದಿಲ್ಲ. ನಾನಾ ಮತಗಳ ಮಕ್ಕಳು ಕೂಡಿ ಕಲಿಯುವ ಸ್ಥಳದಲ್ಲಿ ಅದು ಉಚಿತವೂ ಹೌದು. ಆದರೆ ಸತ್ಯವು ಯಾವ ಒಂದು ಮತದ ಸೊತ್ತೂ ಅಲ್ಲ. ಅದನ್ನು ಕಲಿಸಲು ಪಠ್ಯಪುಸ್ತಕಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಮನೆಯೇ ಅದರ ಪಾಠಶಾಲೆ.

ಆ ಪಾಠಶಾಲೆಯ ಸ್ಥಿತಿ ಹೇಗಿದೆ? ಯಾರೋ ಫೋನು ಮಾಡಿದಾಗ ಅಪ್ಪ ಮನೆಯಲ್ಲಿಲ್ಲವೆನ್ನು ಎಂದು ಮಗುವಿಗೆ ನಾವೇ ಹೇಳಿಕೊಡುತ್ತೇವೆ. ಹನ್ನೆರಡು ತುಂಬಿದವನಿಗೆ ಬಸ್ಸಿನಲ್ಲಿ ಅರ್ಧ ಟಿಕೆಟ್ಟು ಕೇಳುತ್ತೇವೆ. ಶಾಲೆಯ ಪ್ರಾಜೆಕ್ಟನ್ನು ರಾತ್ರಿ ಕುಳಿತು ನಾವೇ ಮಾಡಿ, ಮಗುವಿನ ಹೆಸರನ್ನು ಬರೆಯುತ್ತೇವೆ. ಪರೀಕ್ಷೆ ಮುಗಿಸಿ ಬಂದವನನ್ನು ಎಷ್ಟು ಅಂಕ ಬರಬಹುದೆಂದು ಕೇಳುತ್ತೇವೆಯೇ ಹೊರತು, ಎಲ್ಲವನ್ನೂ ನೀನೇ ಬರೆದೆಯಾ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಸಾಯಂಕಾಲ ದೇವರ ಮುಂದೆ ಅದೇ ಮಗುವನ್ನು ಕೂರಿಸಿ ಸ್ತೋತ್ರವನ್ನು ಹೇಳಿಸಿದರೆ, ಎರಡು ಪಾಠಗಳಲ್ಲಿ ಯಾವುದನ್ನು ಅದು ನಂಬಬೇಕು?

ಆದುದರಿಂದ ಬರುವ ವಿಜಯದಶಮಿಯಂದು ಪುಸ್ತಕವನ್ನು ಮಗುವಿನ ಕೈಗೆ ಕೊಡುವಾಗ ಒಂದು ಸಂಕಲ್ಪವನ್ನು ಮಾಡೋಣ. ಮಕ್ಕಳ ಎದುರಿನಲ್ಲಿ ಸುಳ್ಳಾಡುವುದಿಲ್ಲವೆಂದೂ, ಆಡಿದರೆ ಅವರ ಮುಂದೆಯೇ ತಪ್ಪೊಪ್ಪಿಕೊಳ್ಳುತ್ತೇವೆಂದೂ, ಸ್ವಂತ ಪರಿಶ್ರಮದಿಂದ ಬಂದ ಐವತ್ತು ಅಂಕಗಳನ್ನು ಅನ್ಯಾಯದಿಂದ ಬಂದ ತೊಂಬತ್ತಕ್ಕಿಂತ ಹೆಚ್ಚೆಂದು ಬಾಯಿತುಂಬ ಹೊಗಳುತ್ತೇವೆಂದೂ ನಿಶ್ಚಯಿಸೋಣ. ಹೊಗಳಿದ ಮೇಲೆ ನೆರೆಮನೆಯ ಮಗುವಿನ ಅಂಕಗಳೊಡನೆ ಹೋಲಿಸದಿರುವ ಸಂಯಮವೂ ಬೇಕು. ಇದು ಎಲ್ಲಕ್ಕಿಂತ ಕಠಿಣವಾದ ವ್ರತವೆಂದು ನಾವು ಬಲ್ಲೆವು. ಜಬಾಲೆಯಂತಹ ತಾಯಿಯೂ ಉದ್ದಾಲಕನಂತಹ ತಂದೆಯೂ ಇರುವ ಮನೆಯ ಮಕ್ಕಳು ಯಾವ ಕೊಠಡಿಯಲ್ಲಿ ಕುಳಿತು ಬರೆದರೂ ನಿರ್ಭಯರಾಗಿರುವರು. ಅಂತಹ ಸದ್ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮಗೆಲ್ಲರಿಗೂ ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.